ಬೇಡ ಅಂದರೆ ಕೊಡಿ

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಮೇಷ್ಟ್ರು. ಆ ಬಡಾವಣೆಯಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಬೈಗುಳ ತಿಂದೇ ಕಲಿತವರು. ಪಕ್ಕದ ಸೀಟಿನಲ್ಲಿ ಕುಳಿತು, ತಮ್ಮ ಕಾಲ ಬಳಿ ಇದ್ದ ಎರಡನೆಯ ಬ್ರೇಕಿನ ಮೇಲೆ ಪಾದವಿಟ್ಟು, ಕಿಟಕಿಯಾಚೆ ನೋಡುತ್ತಲೇ ಅವರು ಪಾಠ ಹೇಳುತ್ತಿದ್ದರು. ಸುಮ್ಮನೆ ಕೂರುವ ಜಾಯಮಾನವೇ ಅಲ್ಲ. ಫೋನಿನಲ್ಲಿ ಟೈಪ್ ಮಾಡುವುದೆಂದರೆ ಮಾತ್ರ ಅವರಿಗೆ ಆಗದು. ಮನೆಯವರಿಗೆಲ್ಲ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಸೊಸೆ ಆಫೀಸಿನಲ್ಲಿ ಒಂದು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಮಾವನ ದನಿ ಸಾಲುಗಟ್ಟಿ ಕಾದಿರುತ್ತಿತ್ತು: ಗ್ಯಾಸ್ ಬಂತು, ನಲ್ಲಿ ಸೋರುತ್ತಿದೆ, ನಿನ್ನ ಅತ್ತೆ ನನ್ನ ಕನ್ನಡಕ ಮತ್ತೆ ಎಲ್ಲೋ ಇಟ್ಟಿದ್ದಾಳೆ.

ಅಂಥವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಅಷ್ಟಿಷ್ಟು ಹಿಡಿತಕ್ಕೆ ಬಂದವು, ಮಾತು ಮಾತ್ರ ಬರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಬಾಯಿಗೆ ಪದ ಸಿಗುತ್ತಿರಲಿಲ್ಲ. ತಲೆಯಾಡಿಸುವುದನ್ನೂ ನಂಬುವ ಹಾಗಿರಲಿಲ್ಲ. ಹೌದು ಎನ್ನಲು ಹೋಗಿ ಅಡ್ಡಡ್ಡ ಆಡಿಸಿಬಿಡುತ್ತಿದ್ದರು, ಮರುಕ್ಷಣವೇ ತಮ್ಮ ಮೇಲೆ ತಾವೇ ರೇಗುತ್ತಿದ್ದರು. "ಈ ಕಾಯಿಲೇಲಿ ಹಾಗಾಗುತ್ತೆ. ತಲೆ ಆಡಿಸೋದನ್ನ ನೋಡ್ಬೇಡಿ" ಎಂದು ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಹೇಳಿದರು. ಮನೆಯಲ್ಲಿ ಅವರಿಗೆ ಮಾತಿನ ಡಾಕ್ಟರ್ ಎಂದೇ ಹೆಸರು. ಚಿತ್ರ ಒತ್ತಿದರೆ ಪದ ಹೇಳುವ ಪ್ರೋಗ್ರಾಂ ಇದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಂದು ಟ್ಯಾಬ್ಲೆಟ್ ಇದ್ದರೆ ಸಾಕು ಎಂದವರೂ ಅವರೇ.

ಸೊಸೆ ಲಿಫ್ಟ್ ತಯಾರಿಸುವ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವವಳು. ಮನೆಯಲ್ಲಿ ಮಾತಿನ ಹಲಗೆ ಎಂದು ಕರೆದ ಆ ಪ್ರೋಗ್ರಾಮಿನ ಕೋಡ್ ತೆಗೆದು ನೋಡಿದಳು. ಯಾವ್ಯಾವುದೋ ಊರಿನ ಹತ್ತಾರು ಜನ ಸೇರಿ ಬರೆದ ಪ್ರೋಗ್ರಾಂ ಅದು. ಅವರ ಮುಂದಾಳು ತನ್ನ ಹೆಸರಿನ ಜಾಗದಲ್ಲಿ ಒಂದು ಗೂಬೆಯ ಚಿತ್ರ ಹಾಕಿಕೊಂಡಿದ್ದ. ಪ್ರೋಗ್ರಾಂ ಚೆನ್ನಾಗಿತ್ತು, ಆದರೆ ಚಿತ್ರಗಳೆಲ್ಲ ಮಕ್ಕಳಿಗೆ ಬರೆದವು. ನಗುವ ಲೋಟ, ಕಣ್ಣು ಮಿಟುಕಿಸುವ ಹಾಸಿಗೆ. ಮಾವ ಅದನ್ನು ನೋಡಿ ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟುಬಿಟ್ಟಿದ್ದರು. ಅದಕ್ಕೇ ಸೊಸೆ ಆ ಕೋಡಿನದೊಂದು ಫೋರ್ಕ್ ಮಾಡಿಕೊಂಡಳು.

"ಫೋರ್ಕಾ? ಮುಳ್ಳು ಚಮಚಾನಾ?" ಎಂದರು ಅತ್ತೆ. ಅವರು ರಿಟೈರಾದ ಲೆಕ್ಕದ ಟೀಚರ್. ಪದವೊಂದು ಅರ್ಥವಾಗದಿದ್ದರೆ ಮುಂದಕ್ಕೆ ಬಿಡುವವರಲ್ಲ.

"ಅಲ್ಲ ಅತ್ತೆ. ಅವರ ಪುಸ್ತಕಾನ ನಾನೊಂದು ಕಾಪಿ ಮಾಡ್ಕೊಂಡೆ ಅಂದ್ಕೊಳ್ಳಿ. ನನ್ನ ಕಾಪೀಲಿ ಮಾವನಿಗೆ ಬೇಕಾದ ಹಾಗೆ ತಿದ್ಕೋತೀನಿ. ಆದ್ರೆ ಅವರು ಮೂಲದಲ್ಲಿ ಏನಾದ್ರೂ ರಿಪೇರಿ ಮಾಡಿದ್ರೆ, ಅದನ್ನ ಆಗಾಗ ತಂದು ನಮ್ಮದಕ್ಕೂ ಸೇರಿಸ್ಬೇಕು. ಇಲ್ಲಾಂದ್ರೆ ನಮ್ದು ಹಳೇದಾಗಿ ಒಂದಿನ ನಿಂತೇ ಹೋಗುತ್ತೆ."

"ಅವರದ್ದು ತಂದು ಸೇರಿಸಿದ್ರೆ, ನೀನು ತಿದ್ದಿದ್ದು ಎಲ್ಲಿಗೆ ಹೋಗುತ್ತೆ?"

"ಅಲ್ಲೇ ಇರೋದು ತಲೆನೋವು."

ಅವಳು ಮಕ್ಕಳ ಚಿತ್ರ ತೆಗೆದು ಸಾದಾ ಚಿತ್ರ ಹಾಕಿದಳು, ಗುಂಡಿಗಳನ್ನು ದೊಡ್ಡದು ಮಾಡಿದಳು. ಆಮೇಲೆ ಯಾರೂ ಕೇಳದ ಇನ್ನೊಂದು ಕೆಲಸ ಮಾಡಿದಳು. ತನ್ನ ಫೋನಿನಲ್ಲಿದ್ದ ಮಾವನ ಹಳೆಯ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿ, ಬೇಕಾದ ಪದಗಳನ್ನು ಕತ್ತರಿಸಿ ತೆಗೆದು, ಆ ಗುಂಡಿಗಳಿಗೆ ಕೂರಿಸಿದಳು. ಸಿಗದ ಪದಗಳನ್ನಷ್ಟೇ ಯಂತ್ರದ ದನಿ ಹೇಳುತ್ತಿತ್ತು. ಮೇಷ್ಟ್ರು ಮೊದಲ ಸಲ 'ಬೇಡ' ಗುಂಡಿ ಒತ್ತಿದಾಗ ಅವರದೇ ಗಡಸು ದನಿ "ಬೇಡ" ಎಂದಿತು. ಅವರು ಟ್ಯಾಬ್ಲೆಟ್ಟಿನ ಹಿಂಬದಿ ತಿರುಗಿಸಿ ನೋಡಿದರು. ಆಮೇಲೆ ಅಂದು ಸಂಜೆಯವರೆಗೂ ಎಲ್ಲದಕ್ಕೂ ಬೇಡ, ಬೇಡ, ಬೇಡ. ಅಷ್ಟು ಖುಷಿ.

ಹೀಗೆ ಕೆಲವು ತಿಂಗಳು ಸಲೀಸಾಗಿ ನಡೆಯಿತು. ಮೂಲದಲ್ಲಿ ಹೊಸದು ಬಂದಾಗ ಸೊಸೆ ಭಾನುವಾರ ಮಧ್ಯಾಹ್ನ ಕುಳಿತು ತನ್ನ ಕಾಪಿಗೆ ಸೇರಿಸುತ್ತಿದ್ದಳು. ಒಂದು ಭಾನುವಾರ ಬಂದ ಕಂತು ದೊಡ್ಡದಿತ್ತು. ಅವರು ಬದಲಿಸಿದ ಸಾಲನ್ನೇ ಇವಳೂ ಬದಲಿಸಿದ್ದಳು. ಯಾವುದನ್ನು ಇಟ್ಟುಕೊಳ್ಳಲಿ ಎಂದು ಕಂಪ್ಯೂಟರ್ ಎರಡು ಕಡೆ ತಡೆದು ಕೇಳಿತು. ಗುಂಡಿಗಳ ವಿಷಯದಲ್ಲಿ ತನ್ನದನ್ನು ಉಳಿಸಿಕೊಂಡಳು, ಪದಗಳ ಪಟ್ಟಿಯ ವಿಷಯದಲ್ಲಿ ಅವರದನ್ನು ತೆಗೆದುಕೊಂಡಳು. ತನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕಾರು ಗುಂಡಿ ಒತ್ತಿ ನೋಡಿ, ಸರಿಯಿದೆ ಎಂದು ಮಾವನ ಟ್ಯಾಬ್ಲೆಟ್ಟಿಗೆ ಹಾಕಿದಳು.

ಮರುದಿನ ಅತ್ತೆ ಎಂದಿನಂತೆ ಕೇಳಿದರು. "ಟೀ ಕೊಡ್ಲಾ?"

"ಸಾಕು" ಎಂದಿತು ಹಲಗೆ.

"ಇನ್ನೂ ಕೊಟ್ಟೇ ಇಲ್ಲ, ಸಾಕು ಅಂತೀರಲ್ಲ!" ಅತ್ತೆ ನಕ್ಕು ಲೋಟ ವಾಪಸ್ ಒಯ್ದರು. ಮೇಷ್ಟ್ರು ಅವರ ಬೆನ್ನನ್ನೇ ದುರುಗುಟ್ಟಿ ನೋಡಿದರು. ರಾತ್ರಿಯೂಟಕ್ಕೆ ಮುಂಚೆ ಅವರಿಗೆ ಕಂಡರಾಗದ ಕಹಿ ಸಿರಪ್ಪಿನ ಹೊತ್ತು. ಕೊಡಲೇ ಎಂದರೆ ಹಲಗೆ "ಕೊಡಿ" ಎಂದಿತು. ಅತ್ತೆಗೆ ಆಶ್ಚರ್ಯ. ಚಮಚ ಬಾಯಿ ಹತ್ತಿರ ಒಯ್ದರೆ ತುಟಿ ಬಿಗಿಹಿಡಿದು ಕೂತಿದ್ದಾರೆ. "ಕೊಡಿ ಅಂದವರು ನೀವೇ ತಾನೇ?" ಎಂದು ಗದರಿ ಕುಡಿಸಿದರು.

ಆ ದಿನಗಳಲ್ಲೇ ಸೆಕೆಂಡ್ ಗೇರ್ ಬಂದಳು. ಮೇಷ್ಟ್ರ ಹಳೆಯ ಶಿಷ್ಯೆ. ಕಲಿಯುವಾಗ ಎಷ್ಟು ಬೈದರೂ ಸೆಕೆಂಡ್ ಗೇರ್ ಬಿಟ್ಟು ಮೇಲಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ಆ ಹೆಸರು. ಈಗ ಅವಳದೇ ಡ್ರೈವಿಂಗ್ ಸ್ಕೂಲು. ಮೇಷ್ಟ್ರ ಎರಡು ಬ್ರೇಕಿನ ಕಾರು ಸ್ಟ್ರೋಕ್ ಆದಾಗಿನಿಂದ ಗೇಟಿನ ಒಳಗೆ ಹೊದಿಕೆ ಹೊದ್ದು ನಿಂತಿತ್ತು. ಅದನ್ನು ತನಗೆ ಕೊಟ್ಟರೆ ಓಡಿಸಿಕೊಂಡಿರುತ್ತೇನೆ, ನಿಂತಲ್ಲೇ ತುಕ್ಕು ಹಿಡಿಯುವುದು ನೋಡಲಾಗದು ಎಂದು ಸಂಕೋಚದಿಂದಲೇ ಕೇಳಿದಳು.

ಮಗ ಕನ್ನಡಕದ ಅಂಗಡಿ ಇಟ್ಟವನು, ತಾಳ್ಮೆಯ ಮನುಷ್ಯ. ಅಪ್ಪನ ಎದುರು ಮೊಣಕಾಲೂರಿ ಕುಳಿತು ಕೇಳಿದ. "ಅಪ್ಪ, ಗಾಡೀನ ಇವರಿಗೆ ಕೊಡೋಣ್ವಾ?"

"ಕೊಡಿ."

"ಯೋಚ್ನೆ ಮಾಡಿ ಹೇಳಿ. ನಿಮ್ಮ ಗಾಡಿ ಅದು."

"ಕೊಡಿ." ಸ್ವಲ್ಪ ತಡೆದು ಮತ್ತೆ, "ಕೊಡಿ."

ಅದು ಅವರದೇ ದನಿ, ತಡವರಿಕೆಯಿಲ್ಲದ ಖಡಕ್ ದನಿ. ಸೆಕೆಂಡ್ ಗೇರ್ ಕಣ್ಣೊರೆಸಿಕೊಂಡಳು. ಮಗ ಹೊದಿಕೆ ತೆಗೆದ, ಗಾಡಿ ಹೋಯಿತು. ಗೇಟಿನ ಒಳಗೆ ನೆಲದ ಮೇಲೆ ಎಣ್ಣೆಯ ಕಲೆಯೊಂದು ಉಳಿಯಿತು.

ಆ ದಿನಗಳಲ್ಲಿ ಮೇಷ್ಟ್ರು ಬಹಳ ಹೊತ್ತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಎಡಗೈಯನ್ನೇ ನೋಡುತ್ತ ಕೂರತೊಡಗಿದರು. ಕರೆದರೂ ಓಗೊಡುವುದು ಕಡಿಮೆಯಾಯಿತು. ಆದರೆ ವಿಚಿತ್ರವೆಂದರೆ, ಈ ನಡುವೆ ಯಾವಾಗಲೋ ಟೀ ವಿಷಯ ತಾನಾಗಿ ಸರಿಹೋಗಿತ್ತು. ಬೇಕಾದಾಗ "ಕೊಡಿ", ಸಿರಪ್ಪಿಗೆ "ಬೇಡ". ಏನೋ ಒಂದು ಗಳಿಗೆ ಹಾಗಿತ್ತು, ಕಳೆಯಿತು ಎಂದುಕೊಂಡರು ಅತ್ತೆ.

ಕಳೆದಿರಲಿಲ್ಲ. ಸೊಸೆ ಮಾವನನ್ನು ಆಸ್ಪತ್ರೆಗೆ ಕರೆದೊಯ್ದಾಗ ಮಾತಿನ ಡಾಕ್ಟರ್ ಎಂದಿನಂತೆ ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. "ಬೇಡ ಅನ್ನೋದು ತೋರಿಸಿ." ಮೇಷ್ಟ್ರು 'ಆಮೇಲೆ' ಕಾರ್ಡ್ ಮುಟ್ಟಿದರು. "ಕೊಡಿ ಅನ್ನೋದು?" 'ಬೇಡ' ಕಾರ್ಡ್ ಮುಟ್ಟಿದರು. ಹಿಂದೆಲ್ಲ ಇದರಲ್ಲಿ ಒಂದೂ ತಪ್ಪುತ್ತಿರಲಿಲ್ಲ. ಡಾಕ್ಟರ್ ಸೊಸೆಯನ್ನು ಆಚೆ ಕರೆದು, ಗೊಂದಲ ಜಾಸ್ತಿಯಾದ ಹಾಗಿದೆ, ಇನ್ನೊಂದು ಸ್ಕ್ಯಾನ್ ಮಾಡಿಸಿಬಿಡಿ ಎಂದರು.

ಮನೆಗೆ ಬಂದು ಸೊಸೆ ಲ್ಯಾಪ್‌ಟಾಪ್ ತೆರೆದಳು. ತಾನು ತಂದ ಅಪ್‌ಡೇಟ್ ನೆನಪಾಗಿತ್ತು. ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. 'ಬೇಡ' ಒತ್ತಿದರೆ ಬೇಡ. 'ಕೊಡಿ' ಒತ್ತಿದರೆ ಕೊಡಿ. ಒಂದೂ ಆಚೀಚೆ ಇಲ್ಲ. ಅವಳಿಗೆ ಇದರಿಂದ ಸಮಾಧಾನವಾಗಬೇಕಿತ್ತು, ಬದಲಿಗೆ ಭಯವಾಯಿತು. ಪ್ರೋಗ್ರಾಂ ಸರಿಯಿದೆ ಅಂದರೆ ಮಾವನ ತಲೆಯೊಳಗೆ ಏನೋ ಜಾರಿದೆ ಅಂತಲೇ ಅರ್ಥ. ಗಂಡನಿಗೆ ಹೇಳಿದಳು. ಅವನು, "ಟೀ ವಿಷಯ ಸರಿಯಾಗೇ ಹೇಳ್ತಾರಲ್ಲ?" ಎಂದ. ಅದೂ ನಿಜ. ಮನೆಯಲ್ಲಿ ಸರಿ, ಆಸ್ಪತ್ರೆಯಲ್ಲಿ ತಪ್ಪು, ಲ್ಯಾಪ್‌ಟಾಪಿನಲ್ಲಿ ಸರಿ. ಯಾವ ತುದಿ ಹಿಡಿದು ಎಳೆದರೂ ಗಂಟು ಬಿಗಿಯಾಗುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ. ಸ್ಕ್ಯಾನಿಗೆ ದಿನ ಗೊತ್ತು ಮಾಡಿದರು.

ಅದರ ಮುನ್ನಾದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನ ತುದಿ ಸುರುಳಿ ಸುತ್ತುತ್ತ ಕೇಳಿದರು. "ಒಂದು ಮಾತು ಕೇಳ್ತೀನಿ, ನಗಬಾರ್ದು. 'ಇಲ್ಲಿ ಬಾರೇ' ಅನ್ನೋದನ್ನ ಯಾಕೆ ತೆಗೆದುಹಾಕ್ದೆ?"

"ಏನನ್ನ ಅತ್ತೆ?"

"ಅವರು ನನ್ನ ಕರೆಯೋದು. ಅದರಲ್ಲಿತ್ತಲ್ಲ."

"ಇದೆಯಲ್ಲ, ನಾನು ತೆಗೆದಿಲ್ವಲ್ಲ."

ಅತ್ತೆ ಮುಖ ಆ ಕಡೆ ತಿರುಗಿಸಿದರು. "ಅವರು ಮಧ್ಯಾಹ್ನ ಮಲಗಿದಾಗ ನಾನು ಒಂದ್ಸಲ ಒತ್ತಿ ಕೇಳ್ತೀನಿ ಕಣೆ. ದಿನಾ. ಸುಮ್ನೆ. ಈಗ ಎಷ್ಟೋ ದಿನದಿಂದ ಅದನ್ನ ಒತ್ತಿದ್ರೆ 'ಫ್ಯಾನ್ ಹಾಕು' ಅಂತಾರೆ. ಕೇಳೋಕೆ ನಾಚಿಕೆಯಾಗಿ ಸುಮ್ನಿದ್ದೆ."

ಸೊಸೆ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಬಿಟ್ಟು ಓಡಿದಳು. ಮೇಷ್ಟ್ರು ಮಲಗಿದ್ದರು. ಟ್ಯಾಬ್ಲೆಟ್ ಎತ್ತಿಕೊಂಡು ಬಂದು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕುಳಿತರು. 'ಆಮೇಲೆ' ಒತ್ತಿದಳು: "ಬೇಡ." 'ಬೇಡ' ಒತ್ತಿದಳು: "ಕೊಡಿ." 'ಕೊಡಿ' ಒತ್ತಿದಳು: "ಸಾಕು." 'ಸಾಕು' ಒತ್ತಿದರೆ "ಇಲ್ಲಿ ಬಾರೇ".

"ಒಂದೊಂದು ಮನೆ ಮುಂದಕ್ಕೆ ಜಾರಿದೆ" ಎಂದರು ಲೆಕ್ಕದ ಟೀಚರ್.

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂಲದಲ್ಲಿ ಪ್ರತಿ ಪದಕ್ಕೂ ಒಂದು ನಂಬರ್ ಇತ್ತು. ಸೊಸೆ ಮಾವನ ದನಿಯ ತುಣುಕುಗಳನ್ನು ಅದೇ ನಂಬರಿಗೆ ಕಟ್ಟಿದ್ದಳು. ಗೂಬೆಯ ತಂಡ ಆ ಸಲ ಪಟ್ಟಿಯ ನಡುವೆ, 'ಹೌದು' ಆದ ಕೂಡಲೇ, ಹೊಸ ಪದವೊಂದನ್ನು ತೂರಿಸಿತ್ತು. ಅದರ ಕೆಳಗಿನ ಪದಗಳ ನಂಬರೆಲ್ಲ ಒಂದೊಂದು ಹೆಚ್ಚಾಗಿತ್ತು. ತುಣುಕುಗಳು ಮಾತ್ರ ಹಳೆಯ ನಂಬರಿನಲ್ಲೇ ಉಳಿದಿದ್ದವು. ಮಾವನ ದನಿ ಖಾಸಗಿ ಎಂದು ಅದನ್ನು ಅವಳು ಟ್ಯಾಬ್ಲೆಟ್ಟಿನಲ್ಲಿ ಬಿಟ್ಟು ಬೇರೆಲ್ಲೂ ಇಟ್ಟಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾತಾಡಿದ್ದು ಯಂತ್ರದ ದನಿ; ಅದಕ್ಕೆ ನಂಬರಿನ ಹಂಗಿಲ್ಲ, ಪದ ನೋಡಿ ಓದುತ್ತದೆ. ಹಾಗಾಗಿ ಅಲ್ಲಿ ಎಲ್ಲವೂ ಸರಿಯಾಗಿ ಕೇಳಿಸಿತ್ತು.

"ಹಾಗಾದ್ರೆ ಅವರ ತಲೆ ನೆಟ್ಟಗಿದೆ" ಎಂದರು ಅತ್ತೆ.

"ನೆಟ್ಟಗಿದೆ ಅತ್ತೆ. ನಮಗಿಂತ ನೆಟ್ಟಗಿದೆ. ಒತ್ತಿದ್ದು ಒಂದು ಕೇಳ್ಸೋದು ಇನ್ನೊಂದು ಅಂತ ಗೊತ್ತಾಗಿ, ಪಕ್ಕದ್ದನ್ನ ಒತ್ತೋದು ಕಲ್ತಿದ್ದಾರೆ. ಅದಕ್ಕೇ ಟೀ ಸರಿಹೋಗಿದ್ದು. ಅದಕ್ಕೇ ಕಾರ್ಡಲ್ಲಿ ತಪ್ಪಿದ್ದು."

ಆಮೇಲೆ ಇಬ್ಬರಿಗೂ ಒಟ್ಟಿಗೇ ಕಾರು ನೆನಪಾಯಿತು.

ಸಂಜೆ ಮಗ ಅಂಗಡಿಯಿಂದ ಬಂದ ಮೇಲೆ ಸೊಸೆ ಮಾವನ ಮುಂದೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದಳು. ತಪ್ಪು ನಿಮ್ಮದಲ್ಲ, ನಿಮ್ಮ ತಲೆಯದೂ ಅಲ್ಲ, ನನ್ನದು. ಮೇಷ್ಟ್ರು ಕೇಳುತ್ತ ಕೇಳುತ್ತ ಮೊದಲು ಕಣ್ಣು ಕಿರಿದು ಮಾಡಿದರು, ಆಮೇಲೆ ಎದೆಯಿಂದ ಉದ್ದದ ಉಸಿರೊಂದು ಹೊರಬಂತು. ಇಷ್ಟು ದಿನ ಅವರು ಹೆದರಿದ್ದೂ ಅದಕ್ಕೇ ಇರಬೇಕು: ತಮ್ಮದೇ ದನಿ ತಮಗೆ ಬೇಡದ್ದನ್ನು ಹೇಳುತ್ತಿದೆ ಎಂದರೆ ಏನೆಂದು ತಿಳಿದುಕೊಳ್ಳುವುದು? ಎಡಗೈ ಎತ್ತಿ ಸೊಸೆಯ ನೆತ್ತಿಗೆ ಒಂದು ಮೊಟಕಿದರು, ಕ್ಲಚ್ ಮರೆತ ಶಿಷ್ಯರಿಗೆ ಮೊಟಕುತ್ತಿದ್ದ ಹಾಗೆ. ಅವಳು ಅಳುತ್ತಲೇ ನಕ್ಕಳು. ಸ್ಕ್ಯಾನ್ ಬೇಡವೆಂದು ಮಗ ಆಸ್ಪತ್ರೆಗೆ ಫೋನ್ ಮಾಡಿದ.

"ಸರಿ, ಈಗ ಗಾಡಿ ಕಥೆ ಏನು?" ಎಂದ ಮಗ. "ಅವತ್ತು ಅಪ್ಪ ಒತ್ತಿದ್ದು 'ಬೇಡ'. ಹಲಗೆ ಹೇಳಿದ್ದು ಕೊಡಿ. ಅಂದ್ರೆ ಅಪ್ಪನಿಗೆ ಇಷ್ಟ ಇರ್ಲಿಲ್ಲ."

"ತಡಿ" ಎಂದರು ಅತ್ತೆ. "ಅಷ್ಟು ಹೊತ್ತಿಗೆ ಅವರು ಪಕ್ಕದ್ದು ಒತ್ತೋದು ಕಲ್ತಿದ್ರೆ? ಕೊಡಿ ಅನ್ನೋಕೇ ಬೇಕು ಅಂತ 'ಬೇಡ' ಒತ್ತಿದ್ರೆ? ಆಗ ಇಷ್ಟ ಇತ್ತು ಅಂತ ಆಗುತ್ತೆ."

ಟೀ ಸರಿಹೋದದ್ದು ಮೊದಲೋ ಕಾರು ಹೋದದ್ದು ಮೊದಲೋ ಯಾರಿಗೂ ಖಚಿತವಾಗಿ ನೆನಪಿರಲಿಲ್ಲ. ಮಗ ತಲೆ ಕೆರೆದುಕೊಂಡ. "ಈಗ ಕೇಳೋಣ."

ಅಷ್ಟರಲ್ಲಿ ಸೊಸೆ ಹಲಗೆಯನ್ನು ಸರಿಪಡಿಸಿಬಿಟ್ಟಿದ್ದಳು. ಮಗ ಕೇಳಿದ. "ಅಪ್ಪ, ಗಾಡಿ ವಾಪಸ್ ತರಿಸೋಣ್ವಾ?"

"ಆಮೇಲೆ" ಎಂದಿತು ಹಲಗೆ.

ಮೂವರೂ ಮುಖ ಮುಖ ನೋಡಿಕೊಂಡರು. ನಿಜವಾದ ಆಮೇಲೆಯೋ, ರೂಢಿಯಾದ ಪಕ್ಕದ ಗುಂಡಿಯೋ? ಮೇಷ್ಟ್ರು ಕೂಡ ಹಲಗೆಯನ್ನು ಬೆಪ್ಪಾಗಿ ನೋಡುತ್ತಿದ್ದರು. ಇಷ್ಟು ಕಷ್ಟಪಟ್ಟು ಕಲಿತದ್ದನ್ನು ಯಾರೋ ಮತ್ತೆ ಅದಲುಬದಲು ಮಾಡಿದ್ದರು.

"ಇರು, ಹೀಗಲ್ಲ" ಎಂದು ಅತ್ತೆ ಒಳಗೆ ಹೋಗಿ ಸಿರಪ್ಪಿನ ಬಾಟಲಿ ತಂದರು. "ಇದನ್ನ ಕೊಡ್ಲಾ? ಇದಕ್ಕೆ ಏನು ಒತ್ತುತ್ತಾರೋ ಅದೇ ಅವರ ಬೇಡ."

ಮೇಷ್ಟ್ರು 'ಆಮೇಲೆ' ಒತ್ತಿದರು. ಹಲಗೆ "ಆಮೇಲೆ" ಎಂದಿತು. ಅವರು ಸಿಟ್ಟಿನಿಂದ ಪಕ್ಕಕ್ಕೆ ಬೆರಳು ಸರಿಸಿ 'ಬೇಡ' ಒತ್ತಿದರು. "ಬೇಡ!" ಎಂದಿತು. ಮತ್ತೆ ಒತ್ತಿದರು. "ಬೇಡ." ಹೀಗೆ ಎಲ್ಲ ಗುಂಡಿಗಳನ್ನೂ ಒಂದೊಂದೇ ಒತ್ತಿ, ಕಿವಿಗೊಟ್ಟು, ಹಳೆಯ ಮನೆಗೆ ಮರಳಿದವರಂತೆ ಒಂದೊಂದೇ ಬಾಗಿಲು ತೆರೆದು ನೋಡಿದರು. 'ಇಲ್ಲಿ ಬಾರೇ' ಬಂದಾಗ ಅತ್ತೆ ಬಾಟಲಿ ಹಿಡಿದುಕೊಂಡು ಅಡುಗೆಮನೆಗೆ ನಡೆದುಬಿಟ್ಟರು.

ಸೊಸೆ ಆ ವಾರ ಗೂಬೆಗೆ ಬರೆದಳು. ಪಟ್ಟಿಯ ನಡುವೆ ಪದ ಸೇರಿಸಿದ್ದರಿಂದ ಇಲ್ಲಿ ಹೀಗೆಲ್ಲ ಆಯಿತು, ದನಿಗಳನ್ನು ನಂಬರಿಗೆ ಬದಲು ಪದಕ್ಕೇ ಕಟ್ಟುವ ಹಾಗೆ ನಾನು ತಿದ್ದಿದ್ದೇನೆ, ಬೇಕಿದ್ದರೆ ನೀವೂ ತೆಗೆದುಕೊಳ್ಳಿ. ಗೂಬೆ ಕೂಡಲೇ ಉತ್ತರ ಬರೆದ. ತುಂಬ ಬೇಜಾರಾಯಿತು, ನಿಮ್ಮ ತಿದ್ದುಪಡಿ ಖಂಡಿತ ತೆಗೆದುಕೊಳ್ಳುತ್ತೇನೆ. ಆ ಹೊಸ ಪದ ನನ್ನ ಅಣ್ಣನಿಗಾಗಿ ಸೇರಿಸಿದ್ದು. ಅವನ ಹಲಗೆಯಲ್ಲಿ ಹೌದು ಇತ್ತು, ಇಲ್ಲ ಇತ್ತು. 'ಗೊತ್ತಿಲ್ಲ' ಎನ್ನಲು ದಾರಿಯೇ ಇರಲಿಲ್ಲ. ಪಾಪ, ಕೇಳಿದ್ದಕ್ಕೆಲ್ಲ ಯಾವುದೋ ಒಂದನ್ನು ಒತ್ತುತ್ತಿದ್ದ.

ಸೊಸೆ ಅದನ್ನು ಅತ್ತೆಗೆ ಓದಿ ಹೇಳಿದಳು. "ಗೂಬೆಯಾದ್ರೂ ಬುದ್ಧಿವಂತ" ಎಂದರು ಅವರು.

ಮಾವನ ಹಲಗೆಗೂ ಆ ಗುಂಡಿ ಹಾಕಲೆಂದು ಸೊಸೆ ವಾಯ್ಸ್ ಮೆಸೇಜುಗಳಲ್ಲಿ 'ಗೊತ್ತಿಲ್ಲ' ಹುಡುಕಿದಳು. ಅಷ್ಟೊಂದು ಮಾತಿನ ನಡುವೆ ಮನುಷ್ಯ ಒಮ್ಮೆಯೂ ಗೊತ್ತಿಲ್ಲ ಎಂದಿರಲಿಲ್ಲ. ಕೊನೆಗೆ ಯಂತ್ರದ ದನಿಯನ್ನೇ ಬಿಟ್ಟಳು. ಮತ್ತೆ ಗಾಡಿಯ ವಿಷಯ ಕೇಳಿದಾಗ ಮೇಷ್ಟ್ರ ಬೆರಳು ಹಲಗೆಯ ಮೇಲೆ ಅಲೆದಾಡಿ, ಆ ಹೊಸ ಗುಂಡಿಯ ಮೇಲೆ ನಿಂತಿತು. "ಗೊತ್ತಿಲ್ಲ" ಎಂದಿತು ಹೆಂಗಸಿನಂಥ ತೆಳ್ಳನೆ ದನಿ. ಮಗನಿಗೆ ಎಷ್ಟು ಹಗುರವಾಯಿತೆಂದರೆ, "ನಮಗೂ ಗೊತ್ತಿಲ್ಲಪ್ಪ" ಎಂದು ನಕ್ಕುಬಿಟ್ಟ.

ಗಾಡಿ ಕಣ್ಣೆದುರು ಬಂದರೆ ಅವರೇ ತೀರ್ಮಾನ ಮಾಡಲಿ ಎಂದು ಸೆಕೆಂಡ್ ಗೇರಿಗೆ ಫೋನ್ ಹೋಯಿತು. ಅವಳು ಮರುದಿನವೇ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿದಳು. ಮುಖ ಸಣ್ಣದು ಮಾಡಿಕೊಂಡು, "ನನಗೆ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ ಮೇಷ್ಟ್ರೇ" ಎಂದಳು. ಮೇಷ್ಟ್ರು ಊರುಗೋಲು ಊರಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದರು. ಟೈರುಗಳು ಹೊಸವಾಗಿದ್ದವು, ಗಾಜು ಫಳಫಳ. ತಮ್ಮ ಸೀಟಿನ ಬಾಗಿಲನ್ನು ತಾವೇ ತೆರೆದು ಕುಳಿತರು. ಅವಳು ಸ್ಟಿಯರಿಂಗ್ ಹಿಡಿದಳು. ಬಡಾವಣೆಯ ಒಳಗೇ ನಾಲ್ಕು ರಸ್ತೆ ಸುತ್ತಿ ಬಂದರು. ತಿರುವಿನಲ್ಲಿ ಅವಳು ಸ್ವಲ್ಪ ಜೋರಾಗಿ ಹೋದಾಗ ಅವರು ತಮ್ಮ ಬ್ರೇಕ್ ಒತ್ತಿದರಂತೆ. ಅದನ್ನು ಅವಳು ಹಿಗ್ಗಿನಿಂದ ಹೇಳಿಕೊಂಡಳು.

ಇಳಿದ ಮೇಲೆ ಮೇಷ್ಟ್ರು ಹಲಗೆಗೆ ಕೈಚಾಚಿದರು. ಸೊಸೆ ಹಿಡಿದು ನಿಂತಳು. ಈ ಸಲ ಎಲ್ಲರೂ ಬೆರಳನ್ನೂ ನೋಡಿದರು, ದನಿಯನ್ನೂ ಕೇಳಿದರು. ಬೆರಳು 'ಕೊಡಿ' ಮೇಲೆ. ದನಿಯೂ "ಕೊಡಿ".

"ಯಾರಿಗೆ ಕೊಡೋದು?" ಎಂದ ಮಗ. "ಅವರಿಗೆ ಕೊಡಿ ಅಂತಾನಾ, ನನಗೆ ಕೊಡಿ ಅಂತಾನಾ?"

ಮೇಷ್ಟ್ರು ಅವನನ್ನು ಒಂದು ಕ್ಷಣ ನೋಡಿ, ಎಡಗೈಯ ಅಂಗೈಯನ್ನು ಸೆಕೆಂಡ್ ಗೇರ್ ಮುಂದೆ ಚಾಚಿದರು. ಅವಳು ಕೀಲಿ ಇಟ್ಟಳು. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ನಡೆದರು.

ಈಗ ಗಾಡಿ ಅವರ ಗೇಟಿನೊಳಗೇ ನಿಲ್ಲುತ್ತದೆ. ಬೆಳಿಗ್ಗೆ ಸೆಕೆಂಡ್ ಗೇರ್ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮೇಷ್ಟ್ರು ಅವಳನ್ನು ಸ್ವಲ್ಪ ಕಾಯಿಸಿ ಕೀಲಿ ತೆಗೆದು ಕೊಡುತ್ತಾರೆ, ಮನಸ್ಸಾದರೆ ತಾವೂ ಪಕ್ಕದಲ್ಲಿ ಕೂರುತ್ತಾರೆ. ಸಂಜೆ ಕೀಲಿ ವಾಪಸ್ ಬರಬೇಕು, ಬರುತ್ತದೆ. ಮೊದಲ ಸಲ ಕೇಳಿದಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಮಗ ಒಂದು ಹೇಳುತ್ತಾನೆ, ಅತ್ತೆ ಒಂದು ಹೇಳುತ್ತಾರೆ, ಮೇಷ್ಟ್ರು ಇಬ್ಬರ ಮುಖವನ್ನೂ ನೋಡುತ್ತ ಟೀ ಕುಡಿಯುತ್ತಾರೆ.